ಕೊಲೆಗಾರನ ಗುಟ್ಟು ಕಾಯ್ದ ದಿನಗಳು

ಟೆಂಟ್ ಸಿನಿಮಾದಲ್ಲಿ ದುಡಿದವನಿಗೆ ಪರದೆಯ ಮೇಲಿನ ಕಥೆ ಮರೆತುಹೋಗುತ್ತದೆ, ಪರದೆಯ ಈಚೆ ನಡೆದದ್ದು ಮಾತ್ರ ಮರೆಯುವುದಿಲ್ಲ. ಅಲ್ಲಿ ವಾರಕ್ಕೊಮ್ಮೆಯಾದರೂ ಏನಾದರೊಂದು ನಡೆದೇ ನಡೆಯುತ್ತಿತ್ತು.

ನಲವತ್ತರ ದಶಕದ ಮೊದಲಲ್ಲಿ, ಯುದ್ಧದಿಂದಾಗಿ ಕಬ್ಬಿಣದ ಮೊಳೆಯೂ ಸಿಗದಿದ್ದ ಕಾಲದಲ್ಲಿ, ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಕಥೆ ಹೇಳುವವನಾಗಿದ್ದೆ. ಬರುತ್ತಿದ್ದ ಚಿತ್ರಗಳು ಬಹುಪಾಲು ತಮಿಳು. ನಮ್ಮ ಕಡೆಯ ಜನ ಆಡುವುದು ಕನ್ನಡ, ತೆಲುಗು. ಇದ್ದದ್ದು ಒಂದೇ ಮೆಷಿನ್ನು. ಒಂದು ರೀಲು ಬಿಚ್ಚಿ ಇನ್ನೊಂದು ಹಾಕುವವರೆಗೆ ನಾನು ಪರದೆಯ ಪಕ್ಕ ನಿಂತು, ಇದುವರೆಗೆ ಆದದ್ದೇನು ಅಂತ ಎರಡು ಭಾಷೆಯಲ್ಲೂ ಕೂಗಿ ಹೇಳಬೇಕು.

ಒಂದು ವರ್ಷ ನಮ್ಮ ಮ್ಯಾನೇಜರು ಕೊಲೆಯ ಚಿತ್ರ ತಂದರು. ಪತ್ತೇದಾರಿ ಕಾದಂಬರಿಯಿಂದ ತೆಗೆದದ್ದು. ಜಮೀನ್ದಾರನೊಬ್ಬ ಬೀಗ ಹಾಕಿದ ಕೋಣೆಯಲ್ಲಿ ವಿಷದಿಂದ ಸತ್ತಿರುತ್ತಾನೆ. ಮನೆಮಂದಿಯ ಮೇಲೆಲ್ಲ ಅನುಮಾನ. ಕೊನೆಯ ರೀಲಿನಲ್ಲಿ ನೋಡಿದರೆ ಔಷಧಿಯಲ್ಲಿ ವಿಷ ಬೆರೆಸಿದವನು ಮನೆಯ ಡಾಕ್ಟರು.

"ನೋಡಯ್ಯಾ, ಏನು ಬೇಕಾದರೂ ಹೇಳು, ಡಾಕ್ಟರ ವಿಷಯ ಮಾತ್ರ ಬಾಯಿಬಿಡಬೇಡ. ಬಿಟ್ಟೆಯೋ, ಅವತ್ತೇ ನಿನ್ನ ಕೆಲಸ ಹೋಯ್ತು" ಅಂತ ಮ್ಯಾನೇಜರು ಎಚ್ಚರಿಸಿದರು. ನಾನು ಹೆಂಡತಿಗೂ ಹೇಳಲಿಲ್ಲ.

೧. ಕೋಲಾರದ ವಕೀಲರು

ಕೋಲಾರದಲ್ಲಿ ಮೊದಲ ದಿನವೇ ಕುರ್ಚಿ ಸಾಲಿಗೆ ಒಬ್ಬ ವಕೀಲರು ಬಂದು ಕೂತರು. ಕಾದಂಬರಿಯನ್ನು ಮೂರು ಸಲ ಓದಿದ್ದರಂತೆ. ರೀಲು ಬದಲಾದಾಗಲೆಲ್ಲ ನನಗಿಂತ ಮೊದಲು ಅವರೇ ಶುರುಮಾಡುತ್ತಿದ್ದರು. "ಹದಿನಾಲ್ಕನೇ ಅಧ್ಯಾಯ ಎಲ್ಲಿ ಹೋಯ್ತು?" "ಪುಸ್ತಕದಲ್ಲಿ ಜಮೀನ್ದಾರನ ಹೆಂಡತೀದು ಹಸಿರು ಸೀರೆ, ಇಲ್ಲಿ ಬೂದಿ ಬಣ್ಣದ್ದು ಉಡಿಸಿದಾರೆ!"

ಕೊನೆಯಲ್ಲಿ ಡಾಕ್ಟರು ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ. ವಕೀಲರು ದಡಕ್ಕನೆ ಎದ್ದರು. "ಸುಳ್ಳು! ಪುಸ್ತಕದಲ್ಲಿ ಕೊಂದವನು ಜಮೀನ್ದಾರನ ತಮ್ಮ. ಈ ಡಾಕ್ಟರು ನಿರಪರಾಧಿ!"

"ಸ್ವಾಮಿ, ಅವನೇ ಒಪ್ಪಿಕೊಂಡನಲ್ಲ" ಅಂದೆ.

"ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲೋದಿಲ್ಲ ಕಣಯ್ಯ!"

೨. ಮಾಲೂರಿನ ರೈಲು

ಮಾಲೂರಿನಲ್ಲಿ ಟೆಂಟು ಹಾಕಿದ್ದು ಸ್ಟೇಷನ್ನಿನ ಹತ್ತಿರ. ಕೊನೆಯ ರೀಲು ಹಾಕುವ ಹೊತ್ತಿಗೆ ಸರಿಯಾಗಿ ಪ್ಯಾಸೆಂಜರ್ ರೈಲು ಕೂಗುತ್ತಿತ್ತು. ಟೇಕಲ್ ಕಡೆಯ ಇಪ್ಪತ್ತು ಮೂವತ್ತು ಜನ ಎದ್ದು ಓಡುತ್ತಿದ್ದರು. ಓಡುತ್ತಲೇ ನನ್ನನ್ನು ಕೇಳುವುದು: "ಕೊಂದೋನು ಯಾರು ಹೇಳಣ್ಣ, ಪುಣ್ಯ ಬರ್ತದೆ!" ನಾನು ತುಟಿ ಬಿಚ್ಚಲಿಲ್ಲ.

ಮೂರನೇ ದಿನ ಅವರೆಲ್ಲ ಸೇರಿ ಮ್ಯಾನೇಜರ ಹತ್ತಿರ ಹೋದರು. "ಕೊನೇ ರೀಲು ಮೊದಲೇ ಹಾಕಿಬಿಡಿ ಸ್ವಾಮಿ, ಇಲ್ದಿದ್ರೆ ನಾವು ಬರೋದೇ ಇಲ್ಲ." ಮ್ಯಾನೇಜರು ಒಪ್ಪಿಬಿಟ್ಟರು. ನಾನು ಹೆಂಡತಿಗೂ ಹೇಳದ ಗುಟ್ಟನ್ನು ಅವರು ಇಡೀ ಟೆಂಟಿಗೆ ಆರಂಭದಲ್ಲೇ ತೋರಿಸಿದರು.

ಆಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಹಿಂದಿನ ಎರಡು ದಿನ ಡಾಕ್ಟರು ಔಷಧಿ ಲೋಟ ಹಿಡಿದು ಬಂದಾಗ ಜನ ಬೀಡಿ ಹಚ್ಚುತ್ತಾ ಕೂತಿದ್ದರು. ಈಗ ಅವನ ನೆರಳು ಕಂಡರೆ ಸಾಕು, ಟೆಂಟೆಲ್ಲ ಒಂದೇ ಕೂಗು: "ಕುಡೀಬೇಡಪ್ಪೋ, ಕುಡೀಬೇಡ!" ಹೆಂಗಸರು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ರೈಲು ಕೂಗಿತು, ಹೊರಟೂ ಹೋಯಿತು. ಟೇಕಲ್‌ನವರು ಒಬ್ಬರೂ ಏಳಲಿಲ್ಲ. ಆಟ ಮುಗಿದ ಮೇಲೆ, "ಕೊನೇ ರೀಲು ಇನ್ನೊಂದು ಸಲ ಹಾಕಿ" ಅಂತ ಹಟ ಹಿಡಿದರು.

"ಅದನ್ನ ಮೊದಲೇ ನೋಡಿದ್ರಲ್ಲಪ್ಪ!" ಅಂದರು ಮ್ಯಾನೇಜರು.

"ಆಗ ಅವನ ಮೇಲೆ ನಮಗೆ ಸಿಟ್ಟಿರಲಿಲ್ಲ ಸ್ವಾಮಿ!"

೩. ಮುಳಬಾಗಿಲಿನ ಅಜ್ಜಿ

ಮುಳಬಾಗಿಲಿನಲ್ಲಿ ಮೊದಲನೇ ರೀಲು ಮುಗಿದ ಕೂಡಲೇ ನಾನು ಗಂಟಲು ಸರಿಮಾಡಿಕೊಂಡು, "ಕೊಂದವನು ಯಾರು? ಪತ್ತೇದಾರನೇ ತಬ್ಬಿಬ್ಬಾಗಿದ್ದಾನೆ!" ಅಂದೆ.

"ಡಾಕ್ಟರು" ಅಂತು ಹೆಂಗಸರ ಕಡೆಯಿಂದ ಒಂದು ದನಿ.

ಮ್ಯಾನೇಜರು ನನ್ನನ್ನೇ ಗುರಾಯಿಸಿದರು. ಓಡಿಹೋಗಿ ನೋಡಿದರೆ ಎಲೆಅಡಿಕೆ ಮೆಲ್ಲುತ್ತಿದ್ದ ಒಬ್ಬ ಅಜ್ಜಿ. "ಅಜ್ಜೀ, ನಿಮಗೆ ಇದನ್ನ ಹೇಳಿದ್ದು ಯಾರು?"

"ಹೇಳೋದೇನು ಬಂತಪ್ಪ? ಸಾವಿನ ಮನೇಲಿ ಎಲ್ರೂ ಅಳ್ತಾವ್ರೆ, ಅವನೊಬ್ಬ ಕನ್ನಡಿ ಮುಂದೆ ಕ್ರಾಪು ಸರಿಮಾಡ್ಕೊಂಡ."

ಆರು ಊರಲ್ಲಿ ಆಡಿಸಿದ್ದರೂ ನಾನು ಆ ಕನ್ನಡಿಯನ್ನೇ ಗಮನಿಸಿರಲಿಲ್ಲ. ಮ್ಯಾನೇಜರು ಕೈಮುಗಿದರು. "ತಾಯೀ, ದಯವಿಟ್ಟು ಪಕ್ಕದವರಿಗೆ ಹೇಳಬೇಡಿ."

"ನಾನ್ಯಾಕೆ ಹೇಳ್ಲಿ? ಆ ಟೋಪಿ ಪತ್ತೇದಾರ ಸಂಬಳ ತಗೊಳ್ತಾನಲ್ಲ, ಅವನೇ ಹುಡುಕ್ಲಿ."

೪. ಶ್ರೀನಿವಾಸಪುರದ ಭಕ್ತರು

ಶ್ರೀನಿವಾಸಪುರಕ್ಕೆ ಬಂದಾಗ ಗೌನಿಪಲ್ಲಿ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದರು. ಡಾಕ್ಟರು ಪರದೆಯ ಮೇಲೆ ಕಾಣಿಸಿದ್ದೇ ತಡ, ಟೆಂಟಿಗೆ ಟೆಂಟೇ ಕೈಮುಗಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಪಟೇಲರು ತೆಂಗಿನಕಾಯಿ ಒಡೆದರು. ಕೊಲೆಯ ಚಿತ್ರವನ್ನು ಇಷ್ಟು ಭಕ್ತಿಯಿಂದ ನೋಡುವವರನ್ನು ನಾನು ಕಂಡಿರಲಿಲ್ಲ. ಯಾಕೆಂದು ಹೊಳೆಯಲೂ ಇಲ್ಲ.

ಕೊನೆಯ ರೀಲಿನಲ್ಲಿ ಇನ್‌ಸ್ಪೆಕ್ಟರು ಬಂದು ಡಾಕ್ಟರ ಕೈಗೆ ಬೇಡಿ ಹಾಕಿದ.

"ಏಯ್, ನಿಲ್ಸಯ್ಯಾ!" ಅಂತ ಪಟೇಲರು ಗುಡುಗಿದರು. ಆಪರೇಟರು ಹೆದರಿ ಮೆಷಿನ್ ನಿಲ್ಲಿಸಿದ. "ಹೋದ ವರ್ಷ ಇದೇ ಟೆಂಟಲ್ಲಿ ಮಹಾವಿಷ್ಣು ಆಗಿ ಬಂದಿದ್ದ ಸ್ವಾಮಿ ಅಲ್ವೇನಯ್ಯ ಇವರು? ಬೇಡಿ ಹಾಕ್ದೋನು ಯಾರು ಗೊತ್ತಾ? ಅವತ್ತಿನ ರಾಕ್ಷಸ! ಮೀಸೆ ಬೋಳಿಸ್ಕೊಂಡು ಬಂದವ್ನೆ!"

ಆಗ ನನಗೂ ಮುಖಗಳ ಗುರುತು ಸಿಕ್ಕಿತು. ಅವರು ಹೇಳಿದ್ದು ನಿಜ. ಅದೇ ನಟರು.

"ಆದರೆ ಯಜಮಾನ್ರೇ, ಇದರಲ್ಲಿ ಇವನು ಕೊಲೆಗಾರ..."

"ಏಮಯ್ಯಾ, ಸ್ವಾಮೀನೇ ಕೊಂದ ಅಂದ್ಮೇಲೆ ಸತ್ತೋನು ಎಂಥ ಪಾಪಿ ಇರಬೇಕು! ಅದನ್ನ ನೀನ್ಯಾಕೆ ಹೇಳ್ಲಿಲ್ಲ?"

ಜನ ಎದ್ದರು. ಟೆಂಟಿನ ಹಗ್ಗಕ್ಕೆ ನಾಲ್ಕೈದು ಜನ ಕೈಹಾಕಿದರು. ಮ್ಯಾನೇಜರು ಬಂದು ನನ್ನ ತೋಳು ಹಿಡಿದು, "ಏನಾದರೂ ಹೇಳೋ ಮಾರಾಯ, ಟೆಂಟು ಹೋಗ್ತದೆ!" ಅಂತ ಅಳುವ ದನಿಯಲ್ಲಿ ಅಂದರು.

ಬಾಯಿಗೆ ಬಂದದ್ದನ್ನು ಕೂಗಿದೆ. "ಮಹಾಜನರೇ! ಆ ಜಮೀನ್ದಾರ ಹಿಂದಿನ ಜನ್ಮದಲ್ಲಿ ಅಸುರ! ಶಾಪ ತೀರಿಸೋಕೆ ಸ್ವಾಮಿ ಡಾಕ್ಟರಾಗಿ ಅವತಾರ ಎತ್ತಿದಾರೆ! ಈ ಬೇಡಿ ಎಲ್ಲ ಬರೀ ಲೀಲೆ!"

ಹಗ್ಗ ಹಿಡಿದ ಕೈಗಳು ಸಡಿಲವಾದವು. ಪಟೇಲರು ಮಾತ್ರ ಬಿಡಲಿಲ್ಲ. "ಹಂಗಾದ್ರೆ ವೈಕುಂಠಕ್ಕೆ ವಾಪಸ್ ಹೋಗೋದು ತೋರ್ಸು."

ಪುಣ್ಯಕ್ಕೆ ಆ ಹಳೆಯ ಪುರಾಣ ಚಿತ್ರದ ಕೊನೆಯ ರೀಲು ವಾಪಸ್ಸು ಕಳಿಸದೆ ನಮ್ಮ ಪೆಟ್ಟಿಗೆಯಲ್ಲೇ ಉಳಿದಿತ್ತು. ಡಾಕ್ಟರು ಪೊಲೀಸ್ ವ್ಯಾನು ಹತ್ತಿದ. ಮರುಕ್ಷಣ ಕಿರೀಟ ಹಾಕಿಕೊಂಡು ಶೇಷನ ಮೇಲೆ ಮಲಗಿದ. ಹೂಮಳೆ, ಶಂಖ, ಜಾಗಟೆ. ಟೆಂಟೆಲ್ಲ "ಗೋವಿಂದಾ ಗೋವಿಂದ!" ಅಂದಿತು. ಅವತ್ತಿನಿಂದ ಆ ಊರಲ್ಲಿ ಚಿತ್ರ ಹಾಗೇ ಓಡಿತು.

ಹೊರಡುವಾಗ ಪಟೇಲರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಚೆನ್ನಾಗಿದೆ ಕಣಯ್ಯ. ಒಂದೇ ಒಂದು ಅನುಮಾನ. ಸ್ವಾಮಿ ಹತ್ರ ಚಕ್ರ ಇತ್ತಲ್ಲ, ಔಷಧೀಲಿ ವಿಷ ಯಾಕೆ ಹಾಕಿದ್ರು?"

ಅಷ್ಟರಲ್ಲಿ ಅವರ ಹಿಂದಿದ್ದ ಹೆಂಡತಿ ಗದರಿಕೊಂಡರು. "ಅಷ್ಟೂ ತಿಳಿಯಲ್ವಾ ನಿಮ್ಗೆ? ಯುದ್ಧ ನಡೀತಾ ಅದೆ, ಚಕ್ರ ಮಾಡ್ಸೋಕೆ ಕಬ್ಬಿಣ ಎಲ್ಲಿ ಸಿಕ್ತದೆ?"