ಫ್ರೀ ಸೈಜಿನ ಮೇಲೆ ಮಾವನ ಸಮರ

ಲೋಕದ ಜನ ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತಾರೆ. ನನ್ನ ಸೋದರಮಾವ ಸಿಟ್ಟಿಗೆ ಹಾಕಿಕೊಂಡವರು! ಅದೂ ಅಂಗಡಿಯಿಂದ ತಂದದ್ದಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ ಕಡ್ಡಿ ಹಿಡಿಯುವುದನ್ನು ಕಲಿತು, ತಮಗಾಗಿ ತಾವೇ ಹೆಣೆದುಕೊಂಡದ್ದು. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ "ನಿಜವಾ?" ಎನ್ನುತ್ತಾರೆ. ನಿಜ ಸ್ವಾಮಿ. ಸುಳ್ಳು ಹೇಳುವುದಾದರೆ ಇದಕ್ಕಿಂತ ನಂಬುವಂಥದ್ದನ್ನು ಹೇಳುತ್ತಿರಲಿಲ್ಲವೇ?

ಮಾವ ಇರುವುದು ಗೋವಿಂದರಾಜನಗರದಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ದುಡಿದವರು. ಗಿರಗಿರ ತಿರುಗುವ ಕಬ್ಬಿಣದ ಸರಳನ್ನು ಉಳಿಯಿಂದ ಸುಲಿದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಬೋಲ್ಟು, ಬುಷ್ಷು ಮಾಡುವ ಕೆಲಸ. ನಿವೃತ್ತರಾದ ಮೇಲೆ ಯಂತ್ರವೇನೋ ಅಲ್ಲೇ ಉಳಿಯಿತು, ಅಳತೆಯ ಹುಚ್ಚು ಮಾತ್ರ ಇವರ ಜೊತೆ ಮನೆಗೆ ಬಂದುಬಿಟ್ಟಿತು. ಅತ್ತೆ ದೋಸೆ ಹುಯ್ದರೆ "ಈ ಕಡೆ ದಪ್ಪ" ಎನ್ನುತ್ತಾರೆ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದರೆ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನನ್ನ ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿನಲ್ಲಿ, ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಮಂಟಪದ ಕಂಬ ವಾಲಿದೆ ಎಂದು ಅದನ್ನು ನೆಟ್ಟಗೆ ಮಾಡುತ್ತಿದ್ದರು. ಫೋಟೋದಲ್ಲಿ ಅವರ ಬೆನ್ನು ಮಾತ್ರ ಬಂದಿದೆ.

ಇಂಥವರನ್ನು ಒಂದು ಡಿಸೆಂಬರಿನ ಸಂಜೆ ಅತ್ತೆಯೂ ನಾನೂ ವಿಜಯನಗರದ ಫುಟ್‌ಪಾತಿಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು. ಬೆಳಗಿನ ವಾಕಿಂಗಿಗೆ ಹೋಗಿ ಕೆಮ್ಮಿಕೊಂಡು ಬರುತ್ತಾರೆ, ಒಂದು ಸ್ವೆಟರ್ ಕೊಡಿಸೋಣ ಎಂದು ಅತ್ತೆಯ ಆಸೆ. ಮಾರುವವನು ಒಂದು ಬೂದು ಬಣ್ಣದ್ದನ್ನು ಕೊಡವಿ ಹಿಡಿದ.

"ಯಾವ ಸೈಜಪ್ಪ ಇದು?" ಮಾವ ಕೇಳಿದರು.

"ಫ್ರೀ ಸೈಜ್ ಸಾರ್. ಯಾರಿಗಾದ್ರೂ ಆಗುತ್ತೆ."

"ನಿನಗಾಗುತ್ತಾ?"

"ಆಗುತ್ತೆ ಸಾರ್."

"ನನಗೆ?"

"ಆಗುತ್ತೆ ಸಾರ್."

"ಇವಳಿಗೆ?" ಎಂದು ಅತ್ತೆಯನ್ನು ತೋರಿಸಿದರು. ಆತ ಅತ್ತೆಯ ಗಾತ್ರವನ್ನು ಒಮ್ಮೆ ನೋಡಿ, ಸ್ವೆಟರನ್ನು ಇನ್ನಷ್ಟು ಅಗಲಕ್ಕೆ ಎಳೆದು ಹಿಡಿದು, "ಆಗುತ್ತೆ ಸಾರ್" ಎಂದ.

"ಮೂರು ಜನಕ್ಕೂ ಆಗೋದಾದ್ರೆ ಇದು ಸ್ವೆಟರಲ್ಲ ಕಣಯ್ಯ, ಶಾಮಿಯಾನ!"

ಅಷ್ಟೇ. ಅಲ್ಲಿಂದ ಬಿರಬಿರನೆ ನಡೆದವರು ಸಿಗ್ನಲ್ ಹತ್ತಿರ ನಿಂತು, ನಮ್ಮ ಕಡೆ ತಿರುಗಿ ಘೋಷಿಸಿದರು: "ಒಂದೆಳೆ ತಪ್ಪಿದ್ರೆ ಪೀಸ್ ಎತ್ತಿ ಬಿಸಾಕಿದೋನು ನಾನು. ನನಗೇ ಫ್ರೀ ಸೈಜಾ? ನನ್ನ ಸ್ವೆಟರ್ ನಾನೇ ಹೆಣ್ಕೋತೀನಿ!"

ಮಾರನೇ ದಿನ ಬೆಳಗ್ಗೆ ಬಸವೇಶ್ವರನಗರದ ನನ್ನ ಮನೆಯ ಬಾಗಿಲಲ್ಲಿ ಹಾಜರ್. ಕೈಯಲ್ಲಿ ಕಡುನೀಲಿ ಉಲ್ಲನ್ನಿನ ಉಂಡೆಗಳು.

"ಹೆಣೆಯೋದು ಹೇಳ್ಕೊಡು."

"ನನಗೆ ಬರಲ್ಲ ಮಾವ."

"ಬರಲ್ವಾ? ಹೆಂಗಸಲ್ವೇನೇ ನೀನು?"

"ನೀವು ಗಂಡಸಲ್ವಾ, ಕಾರ್ ಓಡಿಸ್ತೀರಾ?"

ಮಾವ ಒಂದು ಕ್ಷಣ ಯೋಚಿಸಿ, "ಸರಿ, ಇಬ್ಬರೂ ದಂಡ" ಎಂದು ಕಾಫಿ ಕುಡಿದು ಎದ್ದರು.

ಕೊನೆಗೆ ಅವರ ಮನೆಯಿಂದ ಎರಡು ರಸ್ತೆ ಆಚೆ ಒಬ್ಬ ಮೇಡಂ ಹೊಲಿಗೆ, ಹೆಣಿಗೆ ಹೇಳಿಕೊಡುತ್ತಾರೆಂದು ಗೊತ್ತಾಯಿತು. ಹೋದರು. ಒಳಗೆ ಚಾಪೆಯ ಮೇಲೆ ಹನ್ನೊಂದು ಜನ ಹೆಂಗಸರು. ಮೇಡಂ ಎದ್ದು ಬಂದು, "ಯಜಮಾನ್ರೇ, ಇದು ಲೇಡೀಸ್ ಕ್ಲಾಸು. ನಿಮ್ಮ ಮನೆಯವರನ್ನ ಕಳಿಸಿ" ಎಂದರಂತೆ.

"ಅವಳಿಗೆ ಸ್ವೆಟರ್ ಇದೆ ಮೇಡಂ. ಇಲ್ಲದೇ ಇರೋದು ನನಗೆ" ಎಂದು ಮಾವ ಚಪ್ಪಲಿ ಬಿಟ್ಟು ಹನ್ನೆರಡನೆಯವರಾಗಿ ಕುಳಿತರು.

ಮೂರೇ ದಿನಕ್ಕೆ ಸೀದಾ, ಉಲ್ಟಾ ಎರಡೂ ಹೆಣಿಗೆ ಕೈಗೆ ಹತ್ತಿತು. ನಾಲ್ಕನೇ ದಿನ ಜಗಳ. ಅಂಗಡಿಯ ಕಡ್ಡಿಗಳಲ್ಲಿ ಒಂದು ಇನ್ನೊಂದಕ್ಕಿಂತ ದಪ್ಪ ಎಂದು ಇವರ ತಕರಾರು. ಮೇಡಂ ಎರಡನ್ನೂ ಜೋಡಿಸಿ ತೋರಿಸಿ, "ಒಂದೇ ಇದೆಯಲ್ಲ" ಎಂದರು. "ನಿಮ್ಮ ಕಣ್ಣಿಗೆ" ಎಂದು ಮಾವ ಎದ್ದು ಹಳೆಯ ವರ್ಕ್‌ಶಾಪಿಗೆ ಹೋಗಿ, ಸ್ಟೀಲಿನಲ್ಲಿ ತಾವೇ ಒಂದು ಜೊತೆ ಕಡ್ಡಿ ಮಾಡಿಕೊಂಡು ಬಂದರು. ಥಳಥಳ ಹೊಳೆಯುವ, ತೂಕದ ಕಡ್ಡಿಗಳು. ಹೆಣೆಯಲು ಕೂತರೆ ಟಣ್ ಟಣ್ ಸದ್ದು. ಪಕ್ಕದ ಮನೆಯವರು ಚಾಕು ಸಾಣೆ ಹಿಡಿಯುವವನು ಬಂದನೆಂದು ಎರಡು ಸಲ ಈಳಿಗೆಮಣೆ ತಂದಿದ್ದರಂತೆ!

ಆ ಕಡ್ಡಿಗಳೊಂದಿಗೆ ಒಂದು ದಿನ ಮೆಟ್ರೋ ಹತ್ತಲು ಹೋದರು. ಸ್ಕ್ಯಾನಿಂಗ್ ಯಂತ್ರದಲ್ಲಿ ಚೀಲದೊಳಗೆ ಎರಡು ಚೂಪಾದ ಸರಳು ಕಂಡು ಸೆಕ್ಯೂರಿಟಿಯವನು ತಡೆದ.

"ಏನ್ ಸಾರ್ ಒಳಗಡೆ?"

"ತೋಳು."

"ತೋಳಾ!" ಆತ ಎರಡು ಹೆಜ್ಜೆ ಹಿಂದೆ ಸರಿದನಂತೆ. "ಯಾರ್ದು ಸಾರ್?"

"ನಂದೇ. ಇನ್ನೂ ಅರ್ಧ ಆಗಿದೆ."

ಹಿಂದೆ ಕ್ಯೂ ಬೆಳೆಯಿತು. ಕೊನೆಗೆ ಮಾವ ನೀಲಿ ತೋಳನ್ನು ಹೊರತೆಗೆದು ಮೊಣಕೈವರೆಗೆ ಏರಿಸಿಕೊಂಡು ತೋರಿಸಿದ ಮೇಲೆ ಸೆಕ್ಯೂರಿಟಿಯವನಿಗೂ ನಗು ಬಂತು. ಆದರೆ ಕಡ್ಡಿಯನ್ನು ಮಾತ್ರ ಒಳಗೆ ಬಿಡಲಿಲ್ಲ. ಮಾವ ಕಡ್ಡಿಯನ್ನು ಬಿಟ್ಟು ಹೋಗಲಿಲ್ಲ. ಬಸ್ಸಿನಲ್ಲಿ ಹೋದರು.

ಪಾರ್ಕಿನ ಬೆಂಚಿನಲ್ಲೂ ಕಡ್ಡಿ, ಉಲ್ಲನ್ನು. ವಾಕಿಂಗಿಗೆ ಬರುವ ಒಬ್ಬ ಹಿರಿಯರು ಸುಮ್ಮನಿರಲಾರದೆ ಕೇಳಿದರು: "ಏನ್ ಸಾರ್, ಮೊಮ್ಮಗೂಗಾ?"

"ಇಲ್ಲ, ನನಗೆ."

"ಯಾಕೆ, ಮನೇಲಿ ಮಾಡಿಕೊಡಲ್ವಾ?"

"ನಿಮ್ಮ ಗಡ್ಡ ನಿಮ್ಮ ಮನೆಯವರು ಬೋಳಿಸ್ತಾರಾ?"

ಆ ಹಿರಿಯರು ಅಂದಿನಿಂದ ಪಾರ್ಕಿನ ಇನ್ನೊಂದು ಗೇಟಿನಿಂದ ಬರುತ್ತಿದ್ದಾರೆ.

ಇಷ್ಟೂ ಹೋಗಲಿ. ಫೆಬ್ರವರಿಯಲ್ಲಿ ಬಾಪೂಜಿ ನಗರದಿಂದ ಮಾವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಾಯಿತು. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಅವತ್ತು ಬೆಳಗ್ಗೆಯಿಂದ ಅತ್ತೆಯದು ಒಂದೇ ಬೇಡಿಕೆ: "ನಿಮ್ಮ ದಮ್ಮಯ್ಯ ರೀ, ಇವತ್ತೊಂದಿನ ಅದನ್ನ ಬೀರು ಒಳಗಿಡಿ. ಹುಡುಗಿ ಅಪ್ಪನಿಗೆ ತಲೆ ಸರಿಯಿಲ್ಲ ಅಂದ್ಕೋತಾರೆ."

"ನಾನೇನು ಕದ್ದಿದೀನಾ, ಬಚ್ಚಿಡೋಕೆ? ನಾಳೆ ಗೊತ್ತಾಗೋದು ಇವತ್ತೇ ಗೊತ್ತಾಗಲಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಮಗಳು ಮಾತ್ರ ಕನ್ನಡಿಯ ಮುಂದಿನಿಂದಲೇ, "ಇರಲಿ ಬಿಡಮ್ಮ. ಅಪ್ಪನ ಸ್ವೆಟರ್ ನೋಡಿ ಬೇಡ ಅನ್ನೋರು ನನಗೂ ಬೇಡ" ಎಂದಳು. ಅಪ್ಪನ ಮಗಳೇ!

ಗಂಡಿನ ಕಡೆಯವರು ಬಂದರು. ಸೋಫಾದ ತುದಿಯಲ್ಲಿ ಮಾವ, ಟಣ್ ಟಣ್. ಹುಡುಗನ ತಂದೆ ಹುಡುಗನನ್ನು ನೋಡಿದರು, ಹುಡುಗ ತಾಯಿಯನ್ನು ನೋಡಿದ, ತಾಯಿ ಬಾಗಿಲನ್ನು ನೋಡಿದರು. ನಾನು ಕೇಸರಿಬಾತಿನ ತಟ್ಟೆ ಹಿಡಿದು ಬಾಗಿಲಿಗೇ ಅಡ್ಡ ನಿಂತೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹುಡುಗನ ಅಜ್ಜಿ ಕನ್ನಡಕ ಏರಿಸಿಕೊಂಡು, "ಅಲ್ಲೊಂದು ಕುಣಿಕೆ ಬಿಟ್ಬಿಟ್ರಲ್ಲಪ್ಪ" ಎಂದರು.

"ಸಾಧ್ಯವೇ ಇಲ್ಲ!" ಎಂದರು ಮಾವ.

ಅಜ್ಜಿ ಎದ್ದು ಬಂದು ಪಕ್ಕದಲ್ಲೇ ಕುಳಿತು ಬೆರಳಿಟ್ಟು ತೋರಿಸಿದರು. ಬಿಟ್ಟಿತ್ತು! ಮಾವ ಜೀವನದಲ್ಲಿ ಮೊದಲ ಸಲ "ನನ್ನದೇ ತಪ್ಪು" ಎಂದದ್ದನ್ನು ಕೇಳಲು ಅತ್ತೆ ಅಡುಗೆಮನೆಯಿಂದ ಸೌಟು ಸಮೇತ ಓಡಿಬಂದರು. ಆಮೇಲೆ ಅಜ್ಜಿ, ಮಾವ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕುತ್ತಿಗೆಯ ಪಟ್ಟಿಯ ನಾಲ್ಕು ಸಾಲು ಬಿಚ್ಚಿ, ನಾಲ್ಕು ಸಾಲು ಹೆಣೆದರು. ಹುಡುಗಿಯನ್ನು ನೋಡುವುದು ಆಮೇಲೆ ಆಯಿತು. ಹೊರಡುವಾಗ ಅಜ್ಜಿ, "ನಮಗೆ ಒಪ್ಪಿಗೆ" ಎಂದರು. ಹುಡುಗಿಯ ವಿಷಯವೋ, ಕುತ್ತಿಗೆಯ ಪಟ್ಟಿಯ ವಿಷಯವೋ ತಿಳಿಯದೆ ಅತ್ತೆ ಸಂಜೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕಾಯಿತು.

ಸ್ವೆಟರ್ ಮುಗಿದದ್ದು ಏಪ್ರಿಲ್‌ನಲ್ಲಿ. ಮಾಗಡಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು. ನಾನು ಹೋದಾಗ ಮಾವ ಸ್ನಾನಕ್ಕೆ ಹೋಗಿದ್ದರು. ಅತ್ತೆ ಸ್ವೆಟರನ್ನು ಮಡಿಸಿಡಲೆಂದು ಮಂಚದ ಮೇಲೆ ಹರಡಿದರು. ಹರಡಿದವರು ಕಿಸಕ್ಕನೆ ನಕ್ಕರು.

"ಬಾರೇ ಇಲ್ಲಿ! ನಿಮ್ಮ ಮಾವನ ಅಳತೆ ನೋಡು!"

ನೋಡಿದೆ. ಬಲ ಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ. ಬಲ ತೋಳು ಎಡದ್ದಕ್ಕಿಂತ ಉದ್ದ. ಬೆನ್ನಿನ ಭಾಗ ಒಂದು ಕಡೆಗೆ ಎಳೆದ ಹಾಗೆ ಓರೆ. ನನಗೂ ನಗು ತಡೆಯಲಾಗಲಿಲ್ಲ. ದೋಸೆಯಿಂದ ಮಂಟಪದ ಕಂಬದವರೆಗೆ ನಮ್ಮನ್ನು ಗೋಳು ಹೊಯ್ದುಕೊಂಡ ಮನುಷ್ಯ, ನಾಲ್ಕು ತಿಂಗಳು ಕೂತು ಹೆಣೆದದ್ದು ಇದಾ! ಮಾವ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದಾಗಲೂ ನಾವಿಬ್ಬರೂ ನಗುತ್ತಲೇ ಇದ್ದೆವು.

"ಸೊಟ್ಟ ಆಗಿದೆ ಮಾವ!"

"ಆಗಿಲ್ಲ" ಎಂದರು. ಮಾತು ಬೆಳೆಸದೆ ಬನಿಯನ್ನಿನ ಮೇಲೆ ಸ್ವೆಟರ್ ತೊಟ್ಟು, ಗುಂಡಿ ಹಾಕದೆಯೇ ಒಂದು ಸುತ್ತು ತಿರುಗಿ ನಮ್ಮ ಎದುರು ನಿಂತರು.

ಎಲ್ಲೂ ಒಂದು ಸುಕ್ಕಿಲ್ಲ. ಎರಡು ಭುಜಕ್ಕೂ ಸರಿಯಾಗಿ ಕೂತಿದೆ. ಎರಡು ತೋಳೂ ಮಣಿಕಟ್ಟಿನ ಹತ್ತಿರ ಒಂದೇ ಕಡೆ ನಿಂತಿವೆ. ಬೆನ್ನಿನ ಭಾಗ ನೆಟ್ಟಗೆ ಇಳಿದಿದೆ.

ನಮ್ಮ ನಗು ನಿಂತುಹೋಯಿತು. ಅತ್ತೆ ಹತ್ತಿರ ಹೋಗಿ ಅವರ ಬಲ ಭುಜದ ಮೇಲೆ ಕೈಯಿಟ್ಟರು. ಕೈಯನ್ನು ಎಡಕ್ಕೆ ಒಯ್ದರು, ಮತ್ತೆ ಬಲಕ್ಕೆ ತಂದರು.

"ಯಾವಾಗಿಂದ ರೀ, ಈ ಭುಜ ಇಷ್ಟೊಂದು ಇಳಿದಿರೋದು?"

"ಲೇತ್ ಮುಂದೆ ಒಂದೇ ಕಡೆ ಬಗ್ಗಿ ಬಗ್ಗಿ ಹಾಗಾಗಿದೆ" ಎಂದರು ಮಾವ, ಯಾರದೋ ವಿಷಯ ಹೇಳುವಂತೆ. "ಷರಟಲ್ಲಿ ಅಷ್ಟು ಕಾಣಲ್ಲ ಬಿಡು."

"ನನಗೂ ಕಾಣ್ಲಿಲ್ವಲ್ರೀ."

ಫ್ಯಾನು ಐದರಲ್ಲಿ ತಿರುಗುತ್ತಿತ್ತು, ಆದರೂ ಮಾವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅತ್ತೆ ಅದನ್ನು ಸೆರಗಿನಿಂದ ಒರೆಸಿ, ಮೇಲಿನಿಂದ ಶುರುಮಾಡಿ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದರು. ಮಾವ ಗದ್ದ ಎತ್ತಿಕೊಂಡು, ಕೊನೆಯ ಗುಂಡಿಯವರೆಗೂ ಅಲುಗಾಡದೆ ನಿಂತಿದ್ದರು.