ಅರಬಿ ದೇಶವನ್ನು ಸಾಕುತ್ತಿದ್ದ ಮಾಮ

ನಮ್ಮ ಮಾಮ ಒಂದು ಅರಬಿ ದೇಶವನ್ನು ಒಬ್ಬರೇ ಸಾಕುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಬೇಕಾದರೆ ಉಪ್ಪಳದ ಪೆಟ್ರೋಲ್ ಬಂಕಿನವರನ್ನು ಕೇಳಿ ನೋಡಿ. ಮಾಮನ ಹಳೆಯ ಬಿಳಿ ಕಾರು ದೂರದಲ್ಲಿ ಕಂಡರೆ ಸಾಕು, ಅವರು ಎದ್ದು ನಿಲ್ಲುತ್ತಿದ್ದರು!

ಮಾಮ ಎಂದರೆ ನನ್ನ ಉಮ್ಮನ ತಮ್ಮ. ಮೀಸೆ ಚಿಗುರುವ ಪ್ರಾಯದಲ್ಲಿ ಗಲ್ಫಿಗೆ ಹೋಗಿ, ಒಬ್ಬ ಅರಬಿಯ ಮನೆಯಲ್ಲಿ ಡ್ರೈವರ್ ಆಗಿ ದುಡಿದು, ಗಡ್ಡ ಬೆಳ್ಳಗಾದ ಮೇಲೆ ಊರಿಗೆ ಮರಳಿದವರು. ಮರಳುವವರೆಲ್ಲ ಅತ್ತರು, ಕಂಬಳಿ, ಖರ್ಜೂರ ತರುತ್ತಾರೆ. ನಮ್ಮ ಮಾಮ ಇವುಗಳ ಜೊತೆಗೆ ಒಂದು ಇಡೀ ದೇಶದ ಜವಾಬ್ದಾರಿಯನ್ನೂ ಹೊತ್ತು ತಂದರು. ಆ ದೇಶ ಬದುಕಿರುವುದು ನೆಲದಡಿಯ ಎಣ್ಣೆಯಿಂದ, ಎಣ್ಣೆಗೆ ಬೆಲೆ ಬರುವುದು ಅದನ್ನು ಉರಿಸುವವರಿಂದ. ಹಾಗಾದರೆ ಅಲ್ಲಿನ ಅನ್ನ ಉಂಡವನ ಕರ್ತವ್ಯವೇನು? ಉರಿಸುವುದು! ಇದು ಮಾಮನ ಲೆಕ್ಕ.

ಮಸೀದಿ ಅವರ ಮನೆಗೆ ಎಷ್ಟು ಹತ್ತಿರವೆಂದರೆ, ಬಾಂಗ್ ಕೊಡುವವರು ಮೊದಲು ಗಂಟಲು ಸರಿಮಾಡಿಕೊಳ್ಳುವುದು ಅಡುಗೆಮನೆಗೆ ಕೇಳುತ್ತದೆ. ಅಲ್ಲಿಗೂ ಕಾರು. ಮೀನು ಉಪ್ಪಳದಲ್ಲೇ ಸಿಗುತ್ತದೆ, ಆದರೆ ಬೂತಾಯಿ ತರಲು ಕುಂಬಳೆಗೆ ಸವಾರಿ. ಎಣ್ಣೆಯ ಬೆಲೆ ಕುಸಿಯಿತೆಂದು ಟಿವಿಯಲ್ಲಿ ಸುದ್ದಿ ಬಂದರಂತೂ ಮಾಮನಿಗೆ ಊಟ ಸೇರುತ್ತಿರಲಿಲ್ಲ. ಅಂಥ ಒಂದು ದಿನ ಉಮ್ಮ ಅವರನ್ನು ಉಪ್ಪು ತರಲು ಕಳಿಸಿದರು. (ನಮ್ಮದೂ ಅವರದೂ ಒಂದೇ ಹಿತ್ತಿಲು.) ಬೆಳಿಗ್ಗೆ ಹೋದ ಮಾಮ ಬಂದದ್ದು ಸಂಜೆಗೆ, ಅದೂ ದೂರದ ದೇಲಂಪಾಡಿಯಿಂದ!

“ಅಲ್ಲಿಯ ಉಪ್ಪು ಎಂತ, ಸಿಹಿ ಉಂಟಾ?” ಎಂದು ಉಮ್ಮ ಕೇಳಿದರು.

“ಉಂಡ ಮನೆಗೆ ಎರಡು ಬಗೆಯಬಾರದು,” ಎಂದು ಮಾಮ ಉಪ್ಪಿನ ಪೊಟ್ಟಣ ಇಟ್ಟು ನಡೆದರು. ಅಷ್ಟರಲ್ಲಿ ಪಕ್ಕದ ಮನೆಯ ಉಪ್ಪು ಬಿದ್ದು ಸಾರು ಉಂಡು ಮುಗಿದಿತ್ತು.

ಇಂಥವರಿಗೆ ಎಲೆಕ್ಟ್ರಿಕ್ ಆಟೋ ಕಂಡರೆ ಹೇಗಾಗಬೇಡ? ಸದ್ದಿಲ್ಲದೆ ಹಿಂದಿನಿಂದ ಬರುವುದು ಕಳ್ಳನ ಲಕ್ಷಣ ಎಂಬುದು ಅವರ ತೀರ್ಪು. ಒಮ್ಮೆ ಮದುವೆಯೊಂದಕ್ಕೆ ಹೋಗುವಾಗ ದಾರಿಯಲ್ಲಿ ಮುರಕಲ್ಲಿನ ಬಯಲು, ನಮ್ಮ ಕಡೆಯ ‘ಪದವು’, ಸಿಕ್ಕಿತು. ಹಿಂದೆ ಅಲ್ಲಿ ಬರೀ ಹುಲ್ಲು. ಈಗ ಕಣ್ಣು ಹಾಯುವವರೆಗೆ ಸೋಲಾರ್ ಪ್ಯಾನೆಲ್ಲುಗಳು. ಮಾಮ ಕಾರು ಓಡಿಸುತ್ತಿದ್ದುದರಿಂದ ಕಣ್ಣು ಮುಚ್ಚುವ ಹಾಗಿರಲಿಲ್ಲ. ಕಿಟಕಿಯ ಗಾಜು ಏರಿಸಿಕೊಂಡರು. ನನಗೂ ಏರಿಸಲು ಹೇಳಿದರು, ಆ ಗಾಳಿ ತಾಗಬಾರದಂತೆ!

ಅವರ ತಲೆ ಕೆಟ್ಟಿದೆ ಎಂದು ನೀವು ತೀರ್ಮಾನಿಸುವ ಮೊದಲು ಒಂದು ಮಾತು. ಅದೇ ದಾರಿಯಲ್ಲಿ ಮಾಮ ನನಗೊಂದು ಪಾಠ ಮಾಡಿದರು. ದೇಶಗಳೂ ನೆಂಟರ ಹಾಗೆಯೇ. ನಮ್ಮ ಹಿತ್ತಿಲಲ್ಲಿ ಮಾವಿನ ಹಣ್ಣು ಇರುವವರೆಗೆ ಎಲ್ಲರಿಗೂ ನಮ್ಮ ಮನೆಯ ದಾರಿ ಗೊತ್ತಿರುತ್ತದೆ. ಇವತ್ತು ದೊಡ್ಡ ದೊಡ್ಡ ದೇಶಗಳು ಎಣ್ಣೆಗಾಗಿ ಅರಬಿಯ ಬಾಗಿಲಿಗೆ ಬಂದು ನಗುತ್ತವೆ. ನಾಳೆ ಅವೇ ದೇಶಗಳು ಪ್ಯಾನೆಲ್ ಮಾಡುವವನ, ಬ್ಯಾಟರಿಯ ಅದಿರು ಅಗೆಯುವವನ ಬಾಗಿಲಲ್ಲಿ ನಿಲ್ಲುತ್ತವೆ. ಆಗ ಅರಬಿಯನ್ನು ಕೇಳುವವರು ಯಾರು? ಅಲ್ಲಿ ದುಡಿಯುವ ನಮ್ಮವರನ್ನು ಕೇಳುವವರು ಯಾರು?

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇದನ್ನೇ ಹೇಳಲು ನನಗೆ ಒಂದು ವಾರದ ಪಾಠ ಬೇಕು, ಮತ್ತು ಅದರಲ್ಲಿ ಮಾವಿನ ಹಣ್ಣು ಇರುವುದಿಲ್ಲ. ಆದರೂ ಸೋಲಲು ಮನಸ್ಸಾಗದೆ, ಬಿಸಿಲು ಎಲ್ಲರ ಅಂಗಳಕ್ಕೂ ಬೀಳುತ್ತದಲ್ಲ, ಅದಕ್ಕಾಗಿ ಯಾರೂ ಹಡಗು ತಡೆದು ಜಗಳ ಮಾಡಬೇಕಾಗಿಲ್ಲ ಎಂದೆ.

“ಬಿಸಿಲು ಎಲ್ಲರದ್ದು,” ಎಂದರು ಮಾಮ. “ಅದನ್ನು ಹಿಡಿಯುವ ಹಲಗೆ ಒಬ್ಬನದ್ದು.”



ಹೀಗೆ ಸುಖವಾಗಿ ಪೆಟ್ರೋಲ್ ಉರಿಯುತ್ತಿರುವಾಗ ಮಾಮಿಯ ಶ್ವಾಸಕೋಶ ಕೈಕೊಟ್ಟಿತು. ಆಮ್ಲಜನಕದ ಯಂತ್ರವೊಂದನ್ನು ಮನೆಯಲ್ಲಿಟ್ಟು ದಿನದ ಹೆಚ್ಚು ಹೊತ್ತು ಅದರ ನಳಿಗೆ ಮೂಗಿಗೆ ಹಾಕಿಕೊಂಡಿರಬೇಕೆಂದು ಡಾಕ್ಟರು ಹೇಳಿದರು. ಯಂತ್ರ ಬಂತು. ಆದರೆ ಅದಕ್ಕೆ ಕರೆಂಟ್ ಬೇಕಲ್ಲ! ನಮ್ಮಲ್ಲಿ ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ತಂತಿಗೆ ಬಿದ್ದರೆ ಕರೆಂಟ್ ಹೋಯಿತು. ಬರುವುದು ಅದರ ಇಷ್ಟ. ಕರೆಂಟ್ ಹೋದಾಗ ಉಸಿರಿಗೆ ಆಧಾರ ಒಂದು ಸಣ್ಣ ಸಿಲಿಂಡರ್ ಮಾತ್ರ. ಛಾವಣಿಗೆ ಸೋಲಾರ್ ಹಾಕಿಸಿ ಬ್ಯಾಟರಿ ಇಡೋಣ ಎಂದು ಉಮ್ಮನೂ ನಾನೂ ಹೇಳಿದೆವು.

ಮಾಮ ನೆಟ್ಟಗೆ ಹೋಗಿ ಡೀಸೆಲ್ ಜನರೇಟರ್ ತಂದರು! ಅದನ್ನು ಚಾಲೂ ಮಾಡಿದಾಗ ಅಂಗಳದ ಕೋಳಿಗಳು ಪಕ್ಕದ ಹಿತ್ತಿಲಿಗೆ ವಲಸೆ ಹೋದವು. ಹೊಗೆಯೆಲ್ಲ ಕಿಟಕಿಯಿಂದ ನೇರವಾಗಿ ಮಾಮಿಯ ಕೋಣೆಗೆ ನುಗ್ಗಿತು. ಮಾಮಿ ಕೆಮ್ಮಿ ಕೆಮ್ಮಿ ಕೊನೆಗೆ ಸುಧಾರಿಸಿಕೊಂಡು ಹೇಳಿದರು, “ನಿಮ್ಮ ಅರಬಿ ದೇಶ ಇಡೀ ನನ್ನ ಎದೆಯೊಳಗೆ ಬಂತು. ಇನ್ನು ಸಾಕು ಮಾರಾಯ್ರೆ.”

ಮಾಮ ಆ ಕ್ಷಣವೇ ಜನರೇಟರ್ ನಿಲ್ಲಿಸಿದರು, ಮರುದಿನ ಅಂಗಡಿಗೇ ಹಿಂದಿರುಗಿಸಿದರು. ಸೋಲಾರಿಗೆ ಒಪ್ಪಿದರು ಕೂಡ. ಆದರೆ ಅದಕ್ಕೆ ಮೊದಲು ತಾನು ದುಡಿದ ಮನೆಯ ಅರಬಿಯ ಹತ್ತಿರ ಪೊರುತ್ತ ಕೇಳಬೇಕು ಎಂದರು.

ನಮ್ಮಲ್ಲಿ ಹಜ್ಜಿಗೆ ಹೊರಡುವವರು ಮನೆಮನೆಗೆ ಹೋಗಿ ಪೊರುತ್ತ ಕೇಳುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿಬಿಡಿ, ಋಣ ಉಳಿಸಬೇಡಿ ಎಂದು. ಆದರೆ ಛಾವಣಿಗೆ ಪ್ಯಾನೆಲ್ ಹಾಕಿಸಲು ಪೊರುತ್ತ ಕೇಳಿದವರು ಈ ಭೂಮಿಯ ಮೇಲೆ ಇನ್ಯಾರಾದರೂ ಇದ್ದಾರೆಯೇ? ಹೆಂಡತಿ ಉಸಿರಾಡಲು ಅರಬಿಯ ಅಪ್ಪಣೆ ಬೇಕಾ ಎಂದು ಉಮ್ಮ ರೇಗಿದರು. ಅಪ್ಪಣೆಯಲ್ಲ, ಪೊರುತ್ತ ಎಂದು ಮಾಮ ತಿದ್ದಿದರು. ಹಳೆಯ ಗೆಳೆಯರಿಂದ ನಂಬರು ಹುಡುಕಿ, ಫೋನಿಗೆ ಬಾಯಿಯಿಟ್ಟು ಅರಬಿ ಭಾಷೆಯಲ್ಲಿ ಉದ್ದಕ್ಕೆ ಮಾತಾಡಿ ಸಂದೇಶ ಕಳಿಸಿದರು.

ಉತ್ತರ ಬರಲಿಲ್ಲ. ಪ್ಯಾನೆಲ್ಲುಗಳು ಬಂದವು. ಉತ್ತರ ಬರುವವರೆಗೆ ಇರಲಿ ಎಂದು ಮಾಮ ಅವುಗಳ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದರು. ಕೆಲಸದವರು ಎರಡು ಸಲ ಬಂದು ಚಾ ಕುಡಿದು ಮರಳಿದರು. ಮಳೆಗಾಲದ ಮೋಡ ಕಡಲಿನ ಮೇಲೆ ಬಂದು ನಿಂತಿತು.

ಒಂದು ಮಧ್ಯಾಹ್ನ ಗಾಳಿ ಬೀಸಿತು, ದಾರಿಗೆ ಮರ ಬಿತ್ತು, ಕರೆಂಟ್ ಹೋಯಿತು. ಸಿಲಿಂಡರಿನ ಮುಳ್ಳು ಇಳಿಯತೊಡಗಿತು. ಮಾಮಿಯ ತುಟಿ ಕಪ್ಪಾಗತೊಡಗಿತು. ಮಾಮ ಪತ್ರಿಕೆಯಿಂದ ಗಾಳಿ ಹಾಕುತ್ತಾ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಫೋನು ನೋಡುತ್ತಿದ್ದರು. ಸಿಲಿಂಡರ್ ಖಾಲಿಯಾಗುವ ಮೊದಲು, ದೇವರು ದೊಡ್ಡವನು, ಕರೆಂಟ್ ಬಂತು. ಮಾಮ ಎದ್ದು ಅಂಗಳಕ್ಕೆ ಹೋಗಿ ಒಂದೊಂದೇ ಪ್ಯಾನೆಲ್ಲಿನ ಮುಖ ಈಚೆಗೆ ತಿರುಗಿಸಿದರು. ಕೆಲಸದವರನ್ನು ಕರೆಯಲು ನನಗೆ ಹೇಳಿದರು. ಉತ್ತರ ಬಂದಿತ್ತೇ ಎಂದು ನಾನು ಕೇಳಲಿಲ್ಲ. ಬಂದಿರಲಿಲ್ಲ.

ಪ್ಯಾನೆಲ್ಲುಗಳು ಛಾವಣಿ ಏರಿದ ಮೇಲೆ ಕರೆಂಟ್ ಎಷ್ಟು ಸಲ ಹೋದರೂ ಯಂತ್ರ ನಿಲ್ಲಲಿಲ್ಲ. ಮಾಮಿ ನಿಶ್ಚಿಂತೆಯಿಂದ ಮಲಗತೊಡಗಿದರು, ನಾವೂ. ಮಾಮ ಮಾತ್ರ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಓಡಾಡುತ್ತಿದ್ದರು. ಛಾವಣಿಯ ಕಡೆ ನೋಡುತ್ತಲೇ ಇರಲಿಲ್ಲ.

ಆಗ ಒಂದು ಬೆಳಿಗ್ಗೆ ಉತ್ತರ ಬಂತು. ಮೊದಲು ವಿಡಿಯೋ. ಖರ್ಜೂರದ ತೋಟ, ಮುದುಕರಾದ ಅರಬಿ ಕೋಲೂರಿ ನಗುತ್ತಾ ಮೇಲೆ ತೋರಿಸುತ್ತಿದ್ದಾರೆ. ಅಲ್ಲಿ ಏನಿತ್ತು ಹೇಳಿ! ಮನೆಯ ಛಾವಣಿ, ಪಂಪಿನ ಶೆಡ್ಡು, ಕುರಿಗಳ ಕೊಟ್ಟಿಗೆ, ಎಲ್ಲದರ ಮೇಲೂ ಪ್ಯಾನೆಲ್! ಎಣ್ಣೆ ಇರುವುದು ನಿಮಗೆ ಮಾರಲಿಕ್ಕೆ, ನಮಗೆ ಬಿಸಿಲೇ ಸಾಕು ಎಂದರಂತೆ. ಮಾಮ ನಕ್ಕರು. ತಾನು ಉರಿಸಿದ ಪೆಟ್ರೋಲನ್ನೆಲ್ಲ ನೆನೆದು ನಕ್ಕರು. ಮಾಮಿಯ ನಳಿಗೆ ಅವರಿಗೇ ಬೇಕಾಗುತ್ತದೋ ಎನ್ನುವಷ್ಟು ನಕ್ಕರು. ಎಷ್ಟೋ ದಿನಗಳ ಮೇಲೆ ಅವರ ಭುಜ ಹಗುರಾದದ್ದು ನಮಗೆ ಕಂಡಿತು.

ವಿಡಿಯೋದ ಹಿಂದೆಯೇ ಒಂದು ಧ್ವನಿ ಸಂದೇಶವಿತ್ತು. ಮಾಮ ಅದನ್ನು ಜೋರಾಗಿ ಹಾಕಿ, ಆಸ್ಥಾನದ ದುಭಾಷಿಯ ಗತ್ತಿನಲ್ಲಿ ನಮಗೆ ಅರ್ಥ ಹೇಳುತ್ತಾ ಹೋದರು. ಮಾಮಿಯ ಆರೋಗ್ಯ ಕೇಳುತ್ತಿದ್ದಾರೆ, ದುವಾ ಮಾಡುತ್ತಿದ್ದಾರೆ. ಅಷ್ಟಕ್ಕೆ ಮಾಮ ಅರ್ಥ ಹೇಳುವುದನ್ನು ನಿಲ್ಲಿಸಿದರು. ಮುದುಕರ ದನಿ ನಿಧಾನವಾಗಿ ಮುಂದುವರಿಯುತ್ತಲೇ ಇತ್ತು.

ಮಾಮಿ ಕೆಲವು ವರ್ಷ ಅಲ್ಲಿ ಗಂಡನ ಜೊತೆಗಿದ್ದವರು, ಅರಬಿ ತಿಳಿಯುತ್ತದೆ. ಅವರು ಮೆಲ್ಲನೆ ಹೇಳಿದರು, “ಪೂರ್ತಿ ಹೇಳಿ. ನಿಮ್ಮ ಅಕ್ಕನೂ ಕೇಳಲಿ.”

ಮಾಮ ನೆಲ ನೋಡುತ್ತಾ ಹೇಳಿದರು, “ನಮ್ಮ ಉಮ್ಮ ತೀರಿಕೊಂಡಾಗ ಇವರು ನನ್ನ ಪಾಸ್‌ಪೋರ್ಟ್ ಕೊಡಲಿಲ್ಲ. ಅದಕ್ಕೆ ಈಗ ನನ್ನ ಹತ್ತಿರ ಪೊರುತ್ತ ಕೇಳುತ್ತಿದ್ದಾರೆ.”

ನನ್ನ ಅಜ್ಜಿಯ ಮಯ್ಯತ್ತನ್ನು ಮಣ್ಣು ಮಾಡುವ ದಿನ ಮಾಮ ಬಂದಿರಲಿಲ್ಲ. ಟಿಕೆಟ್ ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದರು. ಸಂಬಳದ ಆಸೆಗೆ ಹೆತ್ತವಳ ಮುಖವನ್ನೂ ನೋಡಲಿಲ್ಲ ಎಂದು ಉಮ್ಮ ಅಂದಿನಿಂದ ಇಂದಿನವರೆಗೆ ಹೇಳಿಕೊಂಡು ಬಂದಿದ್ದರು, ಅವರ ಎದುರಿಗೂ. ಮಾಮ ಒಮ್ಮೆಯೂ ಎದುರಾಡಿರಲಿಲ್ಲ.

“ಯಾಕೆ ಹೇಳಲಿಲ್ಲ ನೀನು?” ಎಂದರು ಉಮ್ಮ.

“ಹೇಳಿದ್ದರೆ ನೀನು ಆ ದೇಶಕ್ಕೆ ಶಾಪ ಹಾಕುತ್ತಿದ್ದೆ. ಅಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ.”

ಉಮ್ಮ ಎದ್ದು ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡರು. “ಅವರಿಗೆ ಪೊರುತ್ತ ಕೊಡು. ಮತ್ತೆ ನನಗೂ ಕೊಡು,” ಎಂದರು. ಮಾಮ ಆಗಲಿ ಎಂದು ತಲೆಯಾಡಿಸಿದರು. ತಾಯಿ ಸತ್ತು ಅಷ್ಟು ವರ್ಷಗಳಾದ ಮೇಲೆ, ಅಕ್ಕನ ಕೈ ಬಿಡದೆ, ಮಾಮ ಆ ದಿನ ಅತ್ತರು.