ಹತ್ತರವರೆಗೆ ಎಣಿಸುವ ಪಾಠ

ಮೇಲಿನ ಮನೆಯವರು ಗೋಡೆಗೆ ಬಣ್ಣ ಹೊಡೆಸಲು ಹೊರಟದ್ದೇ ಎಲ್ಲಕ್ಕೂ ಮೂಲ. ಬೆಳಿಗ್ಗೆ ಏಳೂವರೆಗೆ ಮೇಲಿನ ಮನೆಯಾಕೆ ಬಂದು ಬಾಗಿಲು ತಟ್ಟಿ, ನಮ್ಮ ಸೋಫಾ ಸಂಜೆಯವರೆಗೆ ನಿಮ್ಮ ಹಾಲಿನಲ್ಲಿರಲಿ ಎಂದರು. ಹಲ್ಲುಜ್ಜುತ್ತಿದ್ದ ಮೇಷ್ಟ್ರು ಬಾಯಿತುಂಬ ನೊರೆ ಇಟ್ಟುಕೊಂಡೇ "ಆಗಲಿ" ಎಂದರು.

ಆ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಆಗಲಿ ಮೇಷ್ಟ್ರು. ಐವತ್ತೊಂದು ವರ್ಷದ ಬಾಳಿನಲ್ಲಿ ಅವರು ಯಾರಿಗಾದರೂ ಆಗುವುದಿಲ್ಲ ಎಂದದ್ದನ್ನು ಕಂಡವರಿಲ್ಲ. ಪ್ರವಾಸ ಹೋದವರ ಹೂಕುಂಡಗಳಿಗೆ ನೀರು ಹಾಕುವವರು ಅವರು. ಎಂಟು ಮನೆಗಳ ಬೀಗದ ಕೈಗಳು ಅವರ ಮನೆಯ ಮೊಳೆಗೆ ನೇತಾಡುತ್ತಿದ್ದವು.

ಅವರು ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಸಂಸ್ಥೆ ಹೋದ ವರ್ಷ ಬಾಗಿಲು ಹಾಕಿತ್ತು. ಈಗ ಉಳಿದಿದ್ದವನು ಒಬ್ಬನೇ ಶಿಷ್ಯ. ಶಿಷ್ಯ ಎಂದರೆ ಎಳೆಯ ಹುಡುಗನಲ್ಲ, ಮೇಷ್ಟ್ರಿಗಿಂತ ಎರಡು ವರ್ಷ ದೊಡ್ಡವರು, ದೊಡ್ಡ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ಅವರ ಮನೆಮಾತು ಸ್ಪ್ಯಾನಿಷ್, ಹಾಗಾಗಿ ಮೇಷ್ಟ್ರ ಮನೆಯಲ್ಲಿ ಅವರಿಗೆ ಸೆನ್ಯೋರ್, ಅಂದರೆ ಆ ಭಾಷೆಯ 'ಸಾರ್', ಎಂದೇ ಹೆಸರು. ಇಂಗ್ಲಿಷಿನಲ್ಲಿ ಓದು ಬರಹ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಮಾತಿಗೆ ಕೂತರೆ ಮಾತ್ರ ನಾಲಿಗೆಗೆ ಒಂದೇ ದಾರಿ ಗೊತ್ತು. ಹೆಡ್ ಆಫೀಸಿನವರು ಏನೇ ಕೇಳಲಿ, "ಯೆಸ್, ಆಫ್ ಕೋರ್ಸ್, ನೋ ಪ್ರಾಬ್ಲಮ್." ಅದೇ ಮನುಷ್ಯ ಫೋನಿನಲ್ಲಿ ಹೆಂಡತಿಯ ಜತೆ ಸ್ಪ್ಯಾನಿಷಿನಲ್ಲಿ ಮಾತಾಡಿದರೆ ಕಿಟಕಿಯ ಗಾಜು ಅದುರುತ್ತಿತ್ತು.

ಈ ಯೆಸ್‌ಗಳನ್ನೆಲ್ಲ ಹೊತ್ತು ಸೆನ್ಯೋರ್ ಕೈಕೆಳಗಿನ ಹನ್ನೆರಡು ಮಂದಿ ಸೋತು ಸುಣ್ಣವಾಗಿದ್ದರು. ಈಗ ವರ್ಷಾಂತ್ಯದ ಲೆಕ್ಕವನ್ನು ಎರಡು ವಾರ ಮೊದಲೇ ಮುಗಿಸಬೇಕೆಂದು ಹೆಡ್ ಆಫೀಸಿನ ದೊಡ್ಡ ಮೇಡಂ ಅಂದು ಮೂರು ಗಂಟೆಯ ವಿಡಿಯೋ ಮೀಟಿಂಗಿನಲ್ಲಿ ಕೇಳುವವರಿದ್ದರು. ಸೆನ್ಯೋರ್ ಅದಕ್ಕೆ ಇಂಗ್ಲಿಷಿನಲ್ಲಿ, ಮರ್ಯಾದೆಯಾಗಿ, ಆಗುವುದಿಲ್ಲ ಎನ್ನಬೇಕು. ಅಂದುಬಿಟ್ಟರೆ ಕಂಪನಿಯ ಮೂವತ್ತು ಜನಕ್ಕೆ ಇಂಗ್ಲಿಷ್ ಪಾಠ ಹೇಳುವ ಕೆಲಸ ಎರಡು ವರ್ಷದ ಮಟ್ಟಿಗೆ ಮೇಷ್ಟ್ರಿಗೆ ಕೊಡಿಸುವುದಾಗಿ ಸೆನ್ಯೋರ್ ಮಾತು ಕೊಟ್ಟು, ಹೆಡ್ ಆಫೀಸಿಗೂ ಬರೆದಿದ್ದರು. ಅನ್ನದಿದ್ದರೆ ಸೋಮವಾರದಿಂದ ಮೇಷ್ಟ್ರಿಗೆ ತಮ್ಮ ಹೆಂಡತಿಯ ಅಣ್ಣನ ಟೈರ್ ಅಂಗಡಿ. ಬಂದು ಕೌಂಟರಿನಲ್ಲಿ ಕೂರು ಎಂದು ಆ ಅಣ್ಣ ಕರೆದಾಗ ಮೇಷ್ಟ್ರು ಏನು ಹೇಳಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಆಫೀಸಿನಲ್ಲಿ ಎಲ್ಲರೂ ಕಿವಿ ನಿಮಿರಿಸಿ ಕೂತಿರುತ್ತಾರೆಂದು ಸೆನ್ಯೋರ್ ರಜೆ ಹಾಕಿ, ಮೀಟಿಂಗನ್ನು ಮೇಷ್ಟ್ರ ಮನೆಯಿಂದಲೇ ಮಾಡುವುದೆಂದು ಒಂಬತ್ತಕ್ಕೆಲ್ಲ ಬಂದರು. ಬಂದವರಿಗೆ ಕಂಡದ್ದು ಸೋಫಾ. ಅದರ ಮೇಲೆ ಮೇಲಿನ ಮನೆಯಾಕೆಯ ಮಾವ. ಸೋಫಾ ಬಂದ ಮೇಲೆ ಅದರ ಮೇಲೆ ಮಲಗುವವರೂ ಬರಬೇಕಲ್ಲ. ಮುದುಕರಿಗೆ ಬಣ್ಣದ ವಾಸನೆ ಆಗುವುದಿಲ್ಲವಂತೆ. ಮೇಷ್ಟ್ರು ಅದಕ್ಕೂ ಆಗಲಿ ಎಂದಿದ್ದರು.

ಪಾಠ ಊಟದ ಮೇಜಿನ ಮುಂದೆ ಶುರುವಾಯಿತು. ಬೇಡ ಎನ್ನುವುದಕ್ಕೆ ನಾಲ್ಕು ಮೆಟ್ಟಿಲು, ಮೊದಲು ಥ್ಯಾಂಕ್ಸ್, ಆಮೇಲೆ ಸಾರಿ, ಆಮೇಲೆ ಕಾರಣ, ಕೊನೆಗೆ ಬೇರೊಂದು ದಾರಿ ಎಂದು ಮೇಷ್ಟ್ರು ಬೆರಳು ಮಡಚಿ ತೋರಿಸಿದರು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ, ಕೆಡಿಸುವುದೆಲ್ಲ ಇದರ ನಂತರವೇ ಎಂದರು.

"ನಾಲ್ಕೂ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೌನ ತಡೆಯೋಕಾಗದೆ ಯಾರು ಮೊದಲು ಬಾಯಿ ಬಿಡ್ತಾರೋ ಅವರು ಸೋತ ಹಾಗೆ."

ಸೆನ್ಯೋರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಆದರೆ ಮೊದಲ ಸಲ ಮೂರಕ್ಕೇ ಯೆಸ್ ಎಂದುಬಿಟ್ಟರು. ಎರಡನೆಯ ಸಲ ನಾಲ್ಕಕ್ಕೆ. ಹತ್ತನೆಯ ಸಲಕ್ಕೂ ಅವರು ಐದು ದಾಟದಿದ್ದಾಗ ಮೇಷ್ಟ್ರ ಮೂಗಿಗೆ ಟೈರಿನ ವಾಸನೆ ಬಡಿದಂತಾಗಿ ಅಳು ಬಂತು.

ಹನ್ನೊಂದಕ್ಕೆ ಕಟ್ಟಡದ ಕಾರ್ಯದರ್ಶಿ ಬಂದರು. ನೀರಿನ ಟ್ಯಾಂಕ್ ಸೋರುವ ವಿಷಯಕ್ಕೆ ಸಭೆ ಕರೆಯಬೇಕಿತ್ತು, ಜಾಗ ಹುಡುಕುತ್ತಿದ್ದರು. ಬಾಗಿಲಿನಿಂದ ಇಣುಕಿ, ಇಷ್ಟು ದೊಡ್ಡ ಸೋಫಾ ಇರುವಾಗ ಇಲ್ಲೇ ಮಾಡೋಣ ಎಂದರು. ಮೇಷ್ಟ್ರ ಬಾಯಿ ತೆರೆಯುವಷ್ಟರಲ್ಲಿ ಸೆನ್ಯೋರ್ ಕೈ ಅಡ್ಡ ಹಿಡಿದು ಎದ್ದು ನಿಂತರು. ಇಂಗ್ಲಿಷಿನಲ್ಲಿ ಕಾರ್ಯದರ್ಶಿಗೆ ಥ್ಯಾಂಕ್ಸ್ ಹೇಳಿ, ಸಾರಿ ಹೇಳಿ, ಮೀಟಿಂಗಿನ ಕಾರಣ ಕೊಟ್ಟು, ಕಟ್ಟಡದ ತಾರಸಿಯ ಮೇಲೆ ಒಳ್ಳೆಯ ಗಾಳಿ ಇದೆಯಲ್ಲ ಎಂದು ದಾರಿಯನ್ನೂ ತೋರಿಸಿ, ಬಾಯಿ ಮುಚ್ಚಿದರು. ಮೇಷ್ಟ್ರು ಉಸಿರು ಬಿಗಿಹಿಡಿದು ಎಣಿಸಿದರು. ಎಂಟಕ್ಕೆ ಕಾರ್ಯದರ್ಶಿ ಕೆಮ್ಮಿ, ಸರಿ ಹಾಗಾದರೆ ಎಂದು ಇಳಿದು ಹೋದರು.

ಮೇಷ್ಟ್ರ ಕಣ್ಣು ತುಂಬಿತು. ಇಪ್ಪತ್ತು ವರ್ಷದಲ್ಲಿ ಇಂಥ ಶಿಷ್ಯನನ್ನು ಕಂಡಿರಲಿಲ್ಲ. ಖುಷಿಗೆ ಸ್ವಲ್ಪ ಬಿಸ್ಕತ್ತು ತರೋಣವೆಂದು ಕೆಳಗಿಳಿದರು. ಕಾರ್ಯದರ್ಶಿ ಮೆಟ್ಟಿಲ ಬುಡದಲ್ಲೇ ನಿಂತಿದ್ದರು.

ಬಿಸ್ಕತ್ತಿನ ಪೊಟ್ಟಣದೊಂದಿಗೆ ವಾಪಸು ಬಂದ ಗಂಡನ ಮುಖ ನೋಡಿಯೇ ಹೆಂಡತಿಗೆ ತಿಳಿಯಿತು.

"ಎಷ್ಟು ಗಂಟೆಗೆ ಬರ್ತಾರಂತೆ?"

"ಎರಡೂವರೆಗೆ."

"ರೀ, ನೀವು ಬೆಳಗ್ಗೆಯಿಂದ ಅವರಿಗೆ ಕಲಿಸ್ತಿರೋದಾದ್ರೂ ಏನು?"

ಎರಡೂವರೆಗೆ ಒಂಬತ್ತು ಜನ ಬಂದರು. ಮಲಗಿದ್ದ ಮುದುಕರ ಕಾಲು ಸರಿಸಿ ಸೋಫಾದ ಮೇಲೆ ಐವರು, ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ನಾಲ್ವರು. ಮೂರರಿಂದ ಮೂರೂಕಾಲಿನವರೆಗೆ ಯಾರೂ ಉಸಿರೆತ್ತಬಾರದು ಎಂದು ಮೇಷ್ಟ್ರು ಕೈಮುಗಿದು ಕೇಳಿಕೊಂಡರು. ಟ್ಯಾಂಕಿಗಿಂತ ಇದೇ ಸ್ವಾರಸ್ಯವಾಗಿ ಕಂಡದ್ದರಿಂದ ಎಲ್ಲರೂ ಒಪ್ಪಿದರು. ವಿಷಯ ಏನೆಂದು ಮೇಲಿನ ಮನೆಯಾಕೆ ಎಲ್ಲರಿಗೂ ವಿವರಿಸಿ ಹೇಳಿದರು.

ಲ್ಯಾಪ್‌ಟಾಪು ಮೇಜಿನ ಮೇಲಿತ್ತು. ಸೆನ್ಯೋರ್ ಸೋಫಾಕ್ಕೆ ಬೆನ್ನು ಮಾಡಿ ಕೂತರು, ಮೇಷ್ಟ್ರು ಲ್ಯಾಪ್‌ಟಾಪಿನ ಹಿಂದೆ ಮಂಡಿಯೂರಿ ಬೆರಳು ತೋರಿಸಲು ಸಿದ್ಧರಾದರು. ಆ ಕೋಣೆಯಲ್ಲಿ ಕ್ಯಾಮೆರಾಕ್ಕೆ ಕಾಣದಿದ್ದವರು ಅವರೊಬ್ಬರೇ.

ದೊಡ್ಡ ಮೇಡಂ ನೇರ ವಿಷಯಕ್ಕೆ ಬಂದರು. ಎರಡು ವಾರ ಮೊದಲೇ ಮುಗಿಸುತ್ತೀರಲ್ಲವೇ ಎಂದು ಕೇಳಿದರು. ಮೇಷ್ಟ್ರ ಒಂದು ಬೆರಳು ಮೇಲೆದ್ದಿತು. ಸೆನ್ಯೋರ್ ಥ್ಯಾಂಕ್ಸ್ ಹೇಳಿದರು. ಎರಡನೆಯ ಬೆರಳಿಗೆ ಸಾರಿ. ಮೂರನೆಯದಕ್ಕೆ ಹನ್ನೆರಡೇ ಜನ, ಅದರಲ್ಲಿ ಇಬ್ಬರು ಹೊಸಬರು ಎಂಬ ಕಾರಣ. ನಾಲ್ಕನೆಯದಕ್ಕೆ, ಬೇಕಾದರೆ ಕರಡು ಪ್ರತಿಯೊಂದನ್ನು ಒಂದು ವಾರ ಮೊದಲು ಕಳಿಸುತ್ತೇನೆ ಎಂಬ ದಾರಿ. ಆಮೇಲೆ ಮೌನ.

ಐದಾಯಿತು, ಆರಾಯಿತು. ಸೆನ್ಯೋರ್ ಹಣೆಯಿಂದ ಬೆವರಿನ ಹನಿಯೊಂದು ಮೂಗಿನ ತುದಿಗೆ ಇಳಿದು ನಿಂತಿತು. ಸೋಫಾದ ಮೇಲಿದ್ದವರ ತುಟಿಗಳೂ ಎಣಿಕೆಗೆ ಅಲ್ಲಾಡುತ್ತಿದ್ದವು. ಒಂಬತ್ತಕ್ಕೆ ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟು, ಕರಡು ಸಾಕು, ಒಪ್ಪಿದೆ ಎಂದರು.

ಟ್ಯಾಂಕಿನ ಸಭೆಗೆ ತಡೆಯಲಾಗಲಿಲ್ಲ. ಒಂಬತ್ತು ಜನವೂ ಚಪ್ಪಾಳೆ ತಟ್ಟಿದರು. ಮುದುಕರು ಬೆಚ್ಚಿ ಎದ್ದು ಅವರೂ ತಟ್ಟಿದರು.

ದೊಡ್ಡ ಮೇಡಂ ಪರದೆಯ ಹತ್ತಿರ ಬಗ್ಗಿ ನೋಡಿದರು. ಹಿಂದೆ ಸಾಲಾಗಿ ಕೂತವರು ಯಾರು, ನಿಮ್ಮ ಬಳಿ ಇಂಗ್ಲಿಷ್ ಕಲಿಯಲು ಬಂದವರೇ ಎಂದು ಕೇಳಿದರು.

ಸೆನ್ಯೋರ್ ಅಂದಿನ ಧೈರ್ಯವನ್ನೆಲ್ಲ ಆಗಲೇ ಖರ್ಚು ಮಾಡಿ ಮುಗಿಸಿದ್ದರು. ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

"ಯೆಸ್, ಆಫ್ ಕೋರ್ಸ್."

ಮೇಷ್ಟ್ರು ಲ್ಯಾಪ್‌ಟಾಪಿನ ಹಿಂದಿನಿಂದ ಎರಡೂ ಕೈ ಬೀಸಿ ಬೇಡ ಬೇಡ ಎಂದು ಸನ್ನೆ ಮಾಡಿದರು. ದೊಡ್ಡ ಮೇಡಂಗೆ ಬಹಳ ಮೆಚ್ಚಿಕೆಯಾಗಿತ್ತು. ಸ್ವಂತ ಮನೆಯಲ್ಲಿ ಇಷ್ಟು ಜನಕ್ಕೆ ಕಲಿಸುತ್ತಿರುವವರು ಇರುವಾಗ ಹೊರಗಿನ ಮೇಷ್ಟ್ರು ಯಾಕೆ, ನಮ್ಮ ಮೂವತ್ತು ಜನಕ್ಕೂ ನೀವೇ ಪಾಠ ಹೇಳಬಹುದಲ್ಲ ಎಂದರು.

"ನೋ ಪ್ರಾಬ್ಲಮ್," ಎಂದರು ಸೆನ್ಯೋರ್.

ಪರದೆ ಕಪ್ಪಾಯಿತು. ಟ್ಯಾಂಕಿನವರು ಒಬ್ಬೊಬ್ಬರಾಗಿ ಬಂದು ಸೆನ್ಯೋರ್ ಕೈ ಕುಲುಕಿ ಹೋದರು. ಟ್ಯಾಂಕಿನ ವಿಷಯ ಎತ್ತಲು ಕಾರ್ಯದರ್ಶಿಯೂ ಮರೆತರು. ಮೇಷ್ಟ್ರು ಮಂಡಿಯೂರಿದ್ದಲ್ಲೇ ಕೂತಿದ್ದರು, ಏಳುವ ಆಸೆಯೇ ಹೋಗಿತ್ತು. ಸೆನ್ಯೋರ್ ಅವರ ಮುಂದೆ ನೆಲದ ಮೇಲೆ ಕೂತರು. ಮುಖ ಬಾಡಿತ್ತು. ಆದರೆ ಇಂಗ್ಲಿಷ್ ಒಂದಿಷ್ಟೂ ತೊದಲಲಿಲ್ಲ.

"ಮೇಷ್ಟ್ರೇ, ನೀವು ಕಲಿಸಿದ್ದಕ್ಕೆಲ್ಲ ತುಂಬಾ ಥ್ಯಾಂಕ್ಸ್. ಹೀಗಾಗಿದ್ದಕ್ಕೆ ನಿಜವಾಗಿಯೂ ಸಾರಿ. ದೊಡ್ಡ ಮೇಡಂ ಒಂದು ಸಲ ಹೇಳಿದ್ರೆ ಮತ್ತೆ ಬದಲಾಯಿಸೋದಿಲ್ಲ. ಆದರೆ ಒಂದು ದಾರಿ ಇದೆ. ನನಗೆ ಪಾಠ ಹೇಳಿ ಗೊತ್ತಿಲ್ಲ, ನಿಮ್ಮ ಇಪ್ಪತ್ತು ವರ್ಷದ ನೋಟ್ಸ್ ಎಲ್ಲ ನನಗೆ ಕೊಟ್ಟುಬಿಡಿ."

ಇಷ್ಟು ಹೇಳಿ ಅವರು ಬಾಯಿ ಮುಚ್ಚಿದರು.

ಇದು ನಾನೇ ಕಲಿಸಿದ್ದು ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತರವರೆಗೆ ತಡೆದರೆ ಸಾಕು. ಒಂದು, ಎರಡು, ಮೂರು ಎಂದು ಎಣಿಸಿದರು. ಆ ನೋಟ್ಸು ಕಪಾಟಿನ ಎರಡು ಅರೆ ತುಂಬ ಇತ್ತು, ಒಂದೊಂದು ಹಾಳೆಯನ್ನೂ ಕೈಯಾರೆ ಬರೆದದ್ದು. ನಾಲ್ಕು. ಸೆನ್ಯೋರ್ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಐದು. ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಆರು.

"ಆಗಲಿ," ಎಂದರು ಮೇಷ್ಟ್ರು.

ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳ ಫೋನಿನ ಮಾತು ಕೇಳಿಸಿತು. ಸೋಮವಾರ ಟೈರ್ ಅಂಗಡಿ ಎಷ್ಟು ಗಂಟೆಗೆ ತೆಗೀತೀಯ ಎಂದು ಅಣ್ಣನನ್ನು ಕೇಳುತ್ತಿದ್ದಳು.